ನಾಲ್ಕನೆಯ ಪಾಠದವರೆಗೆ

ಲಿಫ್ಟಪ್ಪನವರಿಗೆ ಪರದೇಶದ ಭಾಷೆ ಬರುತ್ತದೆ ಎಂಬ ಸುದ್ದಿ ಹುಟ್ಟಿದ್ದು ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಎರಡನೆಯ ಮಹಡಿಗೂ ಮೂರನೆಯ ಮಹಡಿಗೂ ನಡುವೆ. ಅದು ಹುಟ್ಟುವಾಗ ಅಲ್ಲಿದ್ದವರು ಇಬ್ಬರು. ಒಬ್ಬರು ನಕಾಶೆ ವಿಭಾಗದ ಮೇಡಂ, ಇನ್ನೊಬ್ಬರು ಲಿಫ್ಟಪ್ಪನವರು. ಲಿಫ್ಟಪ್ಪನವರು ಅರ್ಧ ನಿದ್ದೆಯಲ್ಲಿದ್ದರು ಎಂಬುದನ್ನು ಗಮನಿಸಿದರೆ, ಒಟ್ಟು ಒಂದೂವರೆ.

ನಮ್ಮದು ಹಳೆಯ ನಕಾಶೆಗಳನ್ನು ಕಾಪಾಡುವ ಕಚೇರಿ. ಆರು ಮಹಡಿ. ಲಿಫ್ಟಿಗೂ ಕಟ್ಟಡಕ್ಕೂ ಒಂದೇ ವಯಸ್ಸು. ಮಡಚುವ ಕಬ್ಬಿಣದ ಜಾಲರಿ ಬಾಗಿಲು, ಎಡಕ್ಕೆ ತಿರುಗಿಸಿದರೆ ಮೇಲಕ್ಕೂ ಬಲಕ್ಕೆ ತಿರುಗಿಸಿದರೆ ಕೆಳಕ್ಕೂ ಹೋಗುವ ಹಿತ್ತಾಳೆಯ ಹಿಡಿ, ಒಂದು ಹಳದಿ ಬಲ್ಬು, ಮೂಲೆಯಲ್ಲಿ ಮರದ ಸ್ಟೂಲು. ಆ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಲಿಫ್ಟಪ್ಪನವರು. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಇದ್ದಿರಬೇಕು, ಬೇರೆಲ್ಲೂ ಇರಲಿಲ್ಲ. ಆ ಲಿಫ್ಟಿನಲ್ಲಿ ಕೂತರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ತಲೆಯ ಮೇಲೆಲ್ಲೋ ಗಾಲಿ ಗುಂಯ್ಗುಡುತ್ತಿರುತ್ತದೆ. ಒಂದೊಂದು ಮಹಡಿ ಬಂದಾಗಲೂ ಜಾಲರಿಯ ನೆರಳು ಮುಖದ ಮೇಲಿಂದ ಮೆಲ್ಲಗೆ ಹಾದು ಕಾಲಿನ ಕಡೆಗೆ ಇಳಿದುಹೋಗುತ್ತದೆ, ಯಾರೋ ಹೊದಿಕೆ ಹೊದಿಸಿ ಮತ್ತೆ ತೆಗೆದ ಹಾಗೆ.

ಎದುರಿನ ಗೋಡೆಗೆ ಅಂಗೈ ಅಗಲದ ಒಂದು ಹಿತ್ತಾಳೆ ಫಲಕವಿತ್ತು. ಅದರಲ್ಲಿ ಲಿಫ್ಟು ತಯಾರಾದ ದೇಶದ ಭಾಷೆಯಲ್ಲಿ ಎರಡು ಸಾಲು. ಅದೇನೆಂದು ಜನ ಆಗಾಗ ಕೇಳುತ್ತಿದ್ದರು. ಗೊತ್ತಿಲ್ಲ ಎಂದು ಇಪ್ಪತ್ತೆರಡು ವರ್ಷ ಹೇಳಿದ್ದ ಬಾಯಿ ಅವತ್ತು ಮೇಡಂ ಕೇಳಿದಾಗ ಯಾಕೋ ಬೇರೆ ಮಾತು ಆಡಿಬಿಟ್ಟಿತು.

"ನಿಧಾನವಾಗಿ ಏರು, ನೆಮ್ಮದಿಯಾಗಿ ಇಳಿ ಅಂತ ಬರ್ದಿದಾರಮ್ಮ."

ಮೇಡಂ ಕೈಬರಹ ಬಲು ಚಂದ. ಆ ಮಾತನ್ನು ನಕಾಶೆ ಬರೆಯುವ ನೀಲಿ ಶಾಯಿಯಲ್ಲಿ ಬರೆದು ತಮ್ಮ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿದರು. ಅದನ್ನು ಓದಿದವರೆಲ್ಲ ಲಿಫ್ಟಪ್ಪನವರನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. ಒಬ್ಬರು ವಿದೇಶಿ ಔಷಧದ ಬಾಟಲಿಯ ಚೀಟಿ ತಂದುಕೊಟ್ಟು ಊಟಕ್ಕೆ ಮುಂಚೆಯೋ ಆಮೇಲೋ ನೋಡಿ ಹೇಳಿ ಎಂದರು. ಲಿಫ್ಟಪ್ಪನವರು ಕನ್ನಡಕ ಮರೆತಿದ್ದೇನೆ ಎಂದರು. ಮಾರನೆಯ ದಿನವೂ ಮರೆತರು.

ಈ ಇಕ್ಕಟ್ಟಿನಿಂದ ಪಾರಾಗಲು ಅವರಿಗೆ ಎರಡು ದಾರಿ ಕಂಡವು. ಒಂದು, ನಿದ್ದೆಗಣ್ಣಿನಲ್ಲಿ ಏನೋ ಅಂದೆ ಎಂದು ಒಪ್ಪಿಕೊಳ್ಳುವುದು. ಇನ್ನೊಂದು, ಆ ಭಾಷೆಯನ್ನೇ ಕಲಿತುಬಿಡುವುದು. ಮೊದಲನೆಯದಕ್ಕೆ ಆರು ಮಹಡಿಗಳಲ್ಲೂ ಮೇಜಿನಿಂದ ಮೇಜಿಗೆ ಹೋಗಿ ಹೇಳಬೇಕು. ಎರಡನೆಯದನ್ನು ಕೂತಲ್ಲೇ ಮಾಡಬಹುದು. ಅವರು ಎರಡನೆಯದನ್ನು ಆರಿಸಿಕೊಂಡರು.

ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಪುಸ್ತಕದ ಮೇಲೆ 'ತೊಂಬತ್ತು ದಿನಗಳಲ್ಲಿ' ಎಂಬುದು ಭಾಷೆಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು. ಮುನ್ನುಡಿ ಇನ್ನೂ ಉದಾರಿ. ಮೂವತ್ತನೆಯ ದಿನ ನೀವು ಆ ಭಾಷೆಯಲ್ಲಿ ಮಾತಾಡುತ್ತೀರಿ, ಅರವತ್ತನೆಯ ದಿನ ಜಗಳವಾಡುತ್ತೀರಿ, ತೊಂಬತ್ತನೆಯ ದಿನ ಅದರಲ್ಲೇ ಕನಸು ಕಾಣುತ್ತೀರಿ ಎಂದು ಅದು ಮಾತು ಕೊಟ್ಟಿತ್ತು. ಲಿಫ್ಟಪ್ಪನವರಿಗೆ ಜಗಳದಲ್ಲಿ ಆಸಕ್ತಿ ಇರಲಿಲ್ಲ. ಕನಸಿನ ಮಾತು ಮಾತ್ರ ಮನಸ್ಸಿನಲ್ಲಿ ಕೂತಿತು.

ಮೊದಲ ಪಾಠದಲ್ಲಿ 'ಇದು ಏನು, ಇದು ಮೇಜು' ಎಂದಿತ್ತು. ಎರಡನೆಯದರಲ್ಲಿ 'ನನ್ನ ಅಣ್ಣನ ಮನೆ ದೊಡ್ಡದು, ಆ ಮನೆ ಹಳೆಯದು, ಈ ಮನೆ ಒಳ್ಳೆಯದು.' ಲಿಫ್ಟಪ್ಪನವರಿಗೆ ಅಣ್ಣ ಇರಲಿಲ್ಲ. ಆದರೂ ಎರಡು ವಾರ ಆ ವಾಕ್ಯ ಹೇಳಿ ಹೇಳಿ, ಎಲ್ಲೋ ಒಬ್ಬ ಅಣ್ಣ ಅನುಕೂಲವಾಗಿದ್ದಾನೆ ಎಂಬ ಸಮಾಧಾನ ಅವರಿಗೆ ಬಂದುಬಿಟ್ಟಿತು. ಮೂರನೆಯ ಪಾಠದಲ್ಲಿ 'ಇದು ಬಿಸಿ ಹಾಲು ಅಲ್ಲ' ಎಂದಿತ್ತು. ನಾಲ್ಕನೆಯದರಲ್ಲಿ ಒಂದು ಕಿಟಕಿ. ಕಿಟಕಿಯ ಆಚೆ ಏನು ಕಾಣುತ್ತದೆ? ಮರ ಕಾಣುತ್ತದೆ. ಮರದ ಆಚೆ ಏನು ಕಾಣುತ್ತದೆ? ಹೊಳೆ ಕಾಣುತ್ತದೆ. ಹೊಳೆಯ ಆಚೆ ಏನು ಕಾಣುತ್ತದೆ? ದೀಪ ಕಾಣುತ್ತದೆ.

ನಾಲ್ಕನೆಯ ಪಾಠದಲ್ಲಿ ಲಿಫ್ಟಪ್ಪನವರು ನಿಂತುಬಿಟ್ಟರು. ಕಿಟಕಿಯೇ ಇಲ್ಲದ ಡಬ್ಬಿಯೊಳಗೆ ಇಪ್ಪತ್ತೆರಡು ವರ್ಷ ಕೂತವರಿಗೆ ಅದು ಹೇಗಾಗಿರಬೇಡ. ಎರಡನೆಯ ಮಹಡಿ ದಾಟುವಾಗ ಮರ, ಮೂರನೆಯದು ದಾಟುವಾಗ ಹೊಳೆ, ಐದನೆಯದಕ್ಕೆ ಬರುವಷ್ಟರಲ್ಲಿ ಆಚೆ ದಡದಲ್ಲಿ ಒಂದೊಂದೇ ದೀಪ. ನಾನು ನಾಲ್ಕಕ್ಕೆ ಹೋಗಬೇಕು ಎಂದು ಹತ್ತಿ ಆರರಲ್ಲಿ ಇಳಿದದ್ದು ಒಂದೆರಡು ಸಲ ಅಲ್ಲ. ತೊಂಬತ್ತನೆಯ ದಿನ ಬಂದಾಗಲೂ ಅವರು ಅದೇ ಹೊಳೆಯ ದಡದಲ್ಲಿದ್ದರು. ಪುಸ್ತಕದಲ್ಲಿ ಇನ್ನೂ ಇಪ್ಪತ್ತು ಪಾಠ ಬಾಕಿ.

ತೊಂಬತ್ತನೆಯ ದಿನ ಭಾನುವಾರವಾಗಿತ್ತು. ಲಿಫ್ಟಪ್ಪನವರು ಊಟ ಮುಗಿಸಿ, ಪುಸ್ತಕವನ್ನು ದಿಂಬಿನ ಕೆಳಗಿಟ್ಟು, ಕನಸಿಗೆ ತಯಾರಾಗಿ ಮಲಗಿದರು. ಅವರ ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿದುಕೊಡುವವರು. ಗಂಡನ ನಿದ್ದೆ ಕೆಡದಿರಲಿ ಎಂದು ಹೊಲಿಗೆ ಯಂತ್ರ ನಿಲ್ಲಿಸಿ, ಸೂಜಿಯಲ್ಲಿ ಅಂಚು ಕಟ್ಟುತ್ತ ಕೂತಿದ್ದರು. ಅರ್ಧ ಗಂಟೆಯಾದ ಮೇಲೆ ಲಿಫ್ಟಪ್ಪನವರ ತುಟಿ ಅಲ್ಲಾಡಿ ಮಾತು ಹೊರಟಿತು. ಅದು ನಮ್ಮ ಮಾತಾಗಿರಲಿಲ್ಲ.

ಹೆಂಡತಿಯ ಅಣ್ಣ ಅವತ್ತು ಊಟಕ್ಕೆ ಬಂದಿದ್ದರು. ಅವರು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು, ಯಾವ ಗದ್ದಲದಲ್ಲೂ ಕೇಳಿಸುವ ಗಂಟಲು. ಆ ಭಾವನವರು ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿ, ತುದಿಗಾಲಿನಲ್ಲಿ ಹೊರಗೆ ಹೋಗಿ ಪಕ್ಕದ ಮನೆಯ ತಂತಿ ಮೇಷ್ಟ್ರನ್ನು ಕರೆತಂದರು. ಮೇಷ್ಟ್ರು ತಂತಿ ಕಚೇರಿಯಿಂದ ನಿವೃತ್ತರಾದವರು. ಬೇರೆಯವರಿಗೆ ಬರೀ ಕಟಕಟ ಎಂದು ಕೇಳಿಸುವುದರಲ್ಲಿ ಮದುವೆ, ಸಾವು, ವರ್ಗಾವಣೆಗಳನ್ನು ಕೇಳಿಸಿಕೊಂಡ ಕಿವಿ ಅವರದು. ಮೇಷ್ಟ್ರ ಹಿಂದೆ ಅವರ ಮನೆಯವರು, ಅವರ ಹಿಂದೆ ಎದುರು ಮನೆಯವರು ಬಂದರು. ಕುರ್ಚಿಗಳನ್ನು ಸದ್ದಾಗದಂತೆ ಎತ್ತಿ ತಂದು ಹಾಸಿಗೆಯ ಸುತ್ತ ಇಟ್ಟರು. ಪರದೆ ಎಳೆದಿದ್ದರಿಂದ ಕೋಣೆಯಲ್ಲಿ ತಿಳಿಹಸಿರು ಬೆಳಕು. ಎಲ್ಲರೂ ನೀರಿನೊಳಗೆ ಕೂತ ಹಾಗೆ ಕೂತು ಆಲಿಸಿದರು.

ಮೇಷ್ಟ್ರು ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳು ತಟ್ಟುತ್ತ ಬಹಳ ಹೊತ್ತು ಕೇಳಿ ತೀರ್ಪು ಕೊಟ್ಟರು. ಇದು ಅದೇ ಭಾಷೆ, ಅನುಮಾನ ಬೇಡ. ಅದರಲ್ಲೂ ಆ ದೇಶದ ಉತ್ತರದ ಗುಡ್ಡಗಾಡಿನವರ ಉಚ್ಚಾರಣೆ. ಆ ಭಾಷೆಯನ್ನು ಮೇಷ್ಟ್ರು ಜನ್ಮದಲ್ಲಿ ಕೇಳಿರಲಿಲ್ಲ. ಆದರೆ ಆ ಪ್ರಶ್ನೆಯನ್ನು ಅವರಿಗೆ ಯಾರೂ ಹಾಕಲಿಲ್ಲ.

ಲಿಫ್ಟಪ್ಪನವರು ಕಣ್ಣು ಬಿಟ್ಟಾಗ ಏಳು ಮುಖಗಳು ತಮ್ಮ ಮೇಲೆ ಬಗ್ಗಿದ್ದವು. ಮೊದಲು ಅವರಿಗೆ ತಾನು ಹೋಗಿಬಿಟ್ಟೆ ಅನ್ನಿಸಿತು. ಭಾವನವರು ಕೈ ಕುಲುಕಿದಾಗ ಇಲ್ಲ ಎಂದು ಗೊತ್ತಾಯಿತು. ಕನಸಿನಲ್ಲಿ ಏನಾಯಿತು ಎಂದು ಹೆಂಡತಿ ಕೇಳಿದರು. ಹೊಳೆಯ ದಡದಲ್ಲಿ ತುಂಬ ಜನ ನಿಂತು ಆ ಭಾಷೆಯಲ್ಲಿ ಮಾತಾಡುತ್ತಿದ್ದರು, ನನಗೆ ಒಂದಕ್ಷರ ಅರ್ಥವಾಗಲಿಲ್ಲ ಎಂದರು ಲಿಫ್ಟಪ್ಪನವರು. ಕನಸು ಆ ಭಾಷೆಯಲ್ಲಿ ಬಿತ್ತು ಎಂಬುದನ್ನಷ್ಟೇ ಎಲ್ಲರೂ ಹಿಡಿದುಕೊಂಡರು. ಉಳಿದದ್ದು ಯಾರಿಗೂ ಮುಖ್ಯವಾಗಿ ಕಾಣಲಿಲ್ಲ.

ಭಾವನವರು ಮಾರನೆಯ ದಿನವೇ ನಮ್ಮ ಕಚೇರಿಗೆ ಬಂದು ಈ ಸಂಗತಿಯನ್ನು ದೊಡ್ಡ ಸಾಹೇಬರ ಕಿವಿಗೆ ಹಾಕಿ ಹೋದರು. ಗ್ರಹಚಾರಕ್ಕೆ ಸಾಹೇಬರ ಮೇಜಿನ ಮೇಲೆ ಒಂದು ಕಾಗದ ಕಾದಿತ್ತು. ಲಿಫ್ಟು ಕೆಲವು ತಿಂಗಳಿಂದ ನಡುಗುತ್ತಿತ್ತು. ಅದನ್ನು ರಿಪೇರಿ ಮಾಡುವುದೋ, ಕಿತ್ತು ಗುಂಡಿ ಒತ್ತಿದರೆ ತಾನೇ ಓಡುವ ಹೊಸದನ್ನು ಹಾಕುವುದೋ ಎಂದು ತೀರ್ಮಾನಿಸಲು ತಯಾರಿಸಿದ ಕಂಪನಿಯಿಂದ ಒಬ್ಬ ಇಂಜಿನಿಯರು ಅರ್ಧ ದಿನದ ಮಟ್ಟಿಗೆ ಬರುವವರಿದ್ದರು. ಗೊತ್ತುಮಾಡಿದ್ದ ದುಭಾಷಿಗೆ ಗಂಟಲು ಕಟ್ಟಿತ್ತು.

ಹೊಸ ಲಿಫ್ಟು ಬಂದರೆ ಸ್ಟೂಲು ಹೋಗುತ್ತದೆ. ಲಿಫ್ಟಪ್ಪನವರನ್ನು ನೆಲಮಾಳಿಗೆಗೆ, ಕಾಗದದ ಗಂಟುಗಳ ಧೂಳು ಹೊಡೆಯಲು ಹಾಕುತ್ತಾರೆ. ಧೂಳು ಕಂಡರೆ ಅವರಿಗೆ ಉಬ್ಬಸ. ಈ ಹೆದರಿಕೆಯಲ್ಲಿ ಅವರು ವಾರದಿಂದ ಸರಿಯಾಗಿ ಊಟ ಮಾಡಿಲ್ಲವೆಂಬುದು ಹೆಂಡತಿಗೊಬ್ಬರಿಗೇ ಗೊತ್ತಿತ್ತು. ಅಂಥ ಸಮಯದಲ್ಲಿ ದುಭಾಷಿ ಕೆಲಸ ತಲೆಗೆ ಬಂದಾಗ ಅವರು ನಿಜ ಹೇಳಲೆಂದೇ ಸಾಹೇಬರ ಕೋಣೆಗೆ ಹೋದರು.

"ಸಾರ್, ನಂಗೆ ಆ ಭಾಷೆ ಅಷ್ಟಾಗಿ ಬರಲ್ಲ."

"ಅಷ್ಟಾಗಿ ಅಂದ್ರೆ?"

"ನಾಲ್ಕು ಪಾಠ ಆಗಿದೆ ಸಾರ್."

ಸಾಹೇಬರು ಗಡಿಯಾರ ನೋಡಿದರು. "ಅವರು ಇರೋದು ನಾಲ್ಕೇ ಗಂಟೆ. ಗಂಟೆಗೊಂದು ಪಾಠ ಅಂದ್ರೂ ಸರಿಹೋಯ್ತಲ್ಲ."

ಸಂಜೆಯೊಳಗೆ 'ತಾತ್ಕಾಲಿಕ ದುಭಾಷಿ' ಎಂದು ಆದೇಶ ಟೈಪಾಗಿ ಬಂತು.

ಬಂದ ಇಂಜಿನಿಯರು ಅರವತ್ತರ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಕ್ಯಾನ್ವಾಸ್ ಬೂಟು, ಹೆಗಲಿಗೆ ಹತಾರದ ಚೀಲ. ಸಾಹೇಬರು ಬಾಗಿಲಲ್ಲೇ ನಿಂತು ನಕಾಶೆಗಳ ಇತಿಹಾಸ, ಎರಡು ದೇಶಗಳ ಸ್ನೇಹ, ತಮ್ಮ ಸೇವಾವಧಿ ಎಲ್ಲವನ್ನೂ ಸೇರಿಸಿ ಹತ್ತು ನಿಮಿಷ ಸ್ವಾಗತ ಭಾಷಣ ಮಾಡಿ, ಲಿಫ್ಟಪ್ಪನವರ ಕಡೆ ತಿರುಗಿದರು. ಇಡೀ ಕಚೇರಿ ಮೆಟ್ಟಿಲ ಮೇಲೆ ನಿಂತಿತ್ತು. ಭಾವನವರು ರಜೆ ಹಾಕಿ ಬಂದಿದ್ದರು. ಲಿಫ್ಟಪ್ಪನವರು ಆ ಭಾಷೆಯಲ್ಲಿ, ನಮಸ್ಕಾರ, ನನ್ನ ಅಣ್ಣನ ಮನೆ ದೊಡ್ಡದು ಎಂದರು.

ಇಂಜಿನಿಯರಮ್ಮ ತಲೆಯೆತ್ತಿ ಆರು ಮಹಡಿಯ ಕಟ್ಟಡವನ್ನು ನೋಡಿ, ಗೌರವದಿಂದ ತಲೆ ಆಡಿಸಿದರು.

ಹತ್ತು ನಿಮಿಷದ ಮಾತು ಇಷ್ಟಕ್ಕೆ ಮುಗಿಯಿತೇ ಎಂದು ಸಾಹೇಬರು ಪಿಸುದನಿಯಲ್ಲಿ ಕೇಳಿದರು. ಬಿಗಿಯಾದ ಭಾಷೆ ಸಾರ್ ಎಂದರು ಲಿಫ್ಟಪ್ಪನವರು. ಇಂಜಿನಿಯರಮ್ಮ ಉತ್ತರವಾಗಿ ನಾಲ್ಕೈದು ಉದ್ದ ವಾಕ್ಯ ಹೇಳಿದರು. ಅವರಿಗೂ ಸಂತೋಷವಂತೆ ಎಂದರು ಲಿಫ್ಟಪ್ಪನವರು. ಮುಖ ನೋಡಿ ಹೇಳಿದ್ದು, ಅದು ಸುಳ್ಳಾಗಿರಲಿಕ್ಕಿಲ್ಲ.

ಆಮೇಲೆ ಇಬ್ಬರೂ ಲಿಫ್ಟಿನೊಳಗೆ ಹೋದರು. ಮೂರಕ್ಕೂ ನಾಲ್ಕಕ್ಕೂ ನಡುವೆ ಇಂಜಿನಿಯರಮ್ಮ ಹಿಡಿಯನ್ನು ತಾವೇ ತಿರುಗಿಸಿ ಲಿಫ್ಟು ನಿಲ್ಲಿಸಿದರು. ಅಲ್ಲಿಂದ ಮುಂದೆ ನಡೆದದ್ದನ್ನು ಲಿಫ್ಟಪ್ಪನವರೇ ನನಗೆ ಹೇಳಿದ್ದು.

ಗುಂಯ್ಗುಡುವುದು ನಿಂತ ಮೇಲೆ ಒಳಗೆ ಅಂಥ ನಿಶ್ಶಬ್ದವನ್ನು ಅವರು ಕೇಳಿಯೇ ಇರಲಿಲ್ಲವಂತೆ. ಇಂಜಿನಿಯರಮ್ಮ ಗೋಡೆಗೆ ಕಿವಿಯಿಟ್ಟರು, ಜಾಲರಿ ತಟ್ಟಿದರು. ಸುಮ್ಮನೆ ನಿಂತಿರಲಾಗದೆ ಲಿಫ್ಟಪ್ಪನವರು ಹಿತ್ತಾಳೆ ಫಲಕದ ಕಡೆ ಬೆರಳು ಮಾಡಿ ಮೊದಲ ಪಾಠದ ಪ್ರಶ್ನೆ ಕೇಳಿದರು. ಇದು ಏನು? ಆಕೆ ಆರು ಬೆರಳು ತೋರಿಸಿ, ಅವರ ಎದೆ ಮುಟ್ಟಿ, ತನ್ನ ಎದೆ ಮುಟ್ಟಿ, ದೊಡ್ಡ ಮೂಟೆ ಹೊತ್ತವರ ಹಾಗೆ ಬೆನ್ನು ಬಗ್ಗಿಸಿ, ಬೇಡ ಎಂದು ಕೈಯಾಡಿಸಿದರು. ಆರು ಜನ. ಹೆಚ್ಚು ಭಾರ ಹಾಕಬೇಡಿ. ನಕಾಶೆ ಮೇಡಂ ನೀಲಿ ಶಾಯಿ ನೆನಪಾಗಿ ಲಿಫ್ಟಪ್ಪನವರ ಕಿವಿ ಬಿಸಿಯಾಯಿತು.

ಆಗ ಆಕೆ ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು, ಬೆರಳಿಟ್ಟು ಏನೋ ಓದಿದರು. ಲಿಫ್ಟಪ್ಪನವರು ತಮ್ಮ ನಾಲ್ಕೂ ಪಾಠಗಳಲ್ಲಿ ಹುಡುಕಿದರು, ಅಂಥ ಮಾತು ಎಲ್ಲೂ ಇರಲಿಲ್ಲ. ಆಕೆ ಇನ್ನೊಮ್ಮೆ ಓದಿದರು. ಮೂರನೆಯ ಸಲಕ್ಕೆ, ಅದು ನಮ್ಮ ಭಾಷೆ ಎಂದು ಅವರಿಗೆ ಗೊತ್ತಾಯಿತು.

"ಈ… ಕೊಡೆ… ಯಾರು?"

ಅಲ್ಲಿ ಯಾವ ಕೊಡೆಯೂ ಇರಲಿಲ್ಲ. ಆದರೂ ಅಷ್ಟು ದೂರದಿಂದ ಬಂದು ಕೇಳಿದವರಿಗೆ ಉತ್ತರ ಕೊಡದಿದ್ದರೆ ಹೇಗೆ. "ಕೊಡೆ ಇಲ್ಲಮ್ಮ," ಎಂದರು ನಿಧಾನವಾಗಿ. ಆಕೆಗೆ ಅರ್ಥವಾಯಿತು. ಕೇಳಿದ್ದಕ್ಕೆ ಉತ್ತರ ಬಂತೆಂಬ ಸಂತೋಷಕ್ಕೆ ಆಕೆಯ ಮುಖವೆಲ್ಲ ಅರಳಿ, ಪೆನ್ಸಿಲಿನಲ್ಲಿ ಆ ವಾಕ್ಯದ ಮುಂದೆ ಒಂದು ಗುರುತು ಹಾಕಿಕೊಂಡರು.

ಪುಸ್ತಕದ ಮೊದಲ ಪುಟದಲ್ಲಿ ಶುರುಮಾಡಿದ ತಾರೀಖು ಬರೆದಿತ್ತು. ನಾಲ್ಕು ವರ್ಷದ ಹಿಂದಿನದು. ಓದಿದ ಗುರುತಿಗೆ ಇಟ್ಟ ದಾರ ಒಂಬತ್ತನೆಯ ಪಾಠದಲ್ಲಿತ್ತು. ಲಿಫ್ಟಪ್ಪನವರು ನಾಲ್ಕು ಬೆರಳು ತೋರಿಸಿ, ಆಮೇಲೆ ಒಂಬತ್ತು ತೋರಿಸಿ, ಅಷ್ಟು ವರ್ಷಕ್ಕೆ ಇಷ್ಟೇ ಪಾಠವೇ ಎಂಬಂತೆ ಹುಬ್ಬು ಏರಿಸಿದರು. ಆಕೆ ಹೌದೆಂದು ತಲೆ ಆಡಿಸಿದರು. ಅದರಲ್ಲಿ ನಾಚಿಕೆ ಇರಲಿಲ್ಲ, ತನ್ನ ಎತ್ತರ ಎಷ್ಟೆಂದು ಹೇಳುವವರ ಹಾಗೆ ಹೇಳಿದರಂತೆ. ತೊಂಬತ್ತು ದಿನಗಳಿಂದ ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಪಕ್ಕಕ್ಕೆ ಹೋದ ಹಾಗಾಯಿತು ಎಂದರು ಲಿಫ್ಟಪ್ಪನವರು.

ಧೈರ್ಯ ಬಂದು ಅವರು ನಾಲ್ಕನೆಯ ಪಾಠವನ್ನು ತೆಗೆದರು. ನಿಮ್ಮ ಮನೆಯಲ್ಲಿ ಎಂಬಂತೆ ಆಕೆಯ ಕಡೆ ಕೈತೋರಿಸಿ, ಕಿಟಕಿಯ ಆಚೆ ಏನು ಕಾಣುತ್ತದೆ ಎಂದು ಕೇಳಿದರು. ಆಕೆ ಹತಾರ ಕೆಳಗಿಟ್ಟು, ಹಳದಿ ಬಲ್ಬನ್ನು ನೋಡಿದರು. ಆಮೇಲೆ ಮೆಲ್ಲಗೆ, ಬಹಳ ಹೊತ್ತು ಹೇಳಿದರು. ಲಿಫ್ಟಪ್ಪನವರಿಗೆ ಸಿಕ್ಕಿದ್ದು ಒಂದು ಮರ, ಒಂದು ಹೊಳೆ. ಉಳಿದದ್ದು ಅವುಗಳ ಸುತ್ತ ಮಂಜಿನ ಹಾಗೆ ತೇಲಿಹೋಯಿತು. ಅದೂ ಚೆನ್ನಾಗಿತ್ತು ಎಂದರು.

ಇನ್ನು ಕೆಲಸ. ಲಿಫ್ಟು ಎಲ್ಲಿ ನಡುಗುತ್ತದೆಂದು ಹೇಳಲು ಯಾವ ಪಾಠದಲ್ಲೂ ಮಾತಿರಲಿಲ್ಲ. ಆದರೆ ಆ ಲಿಫ್ಟಿನ ಹೊಟ್ಟೆಯ ಸದ್ದೆಲ್ಲ ಅವರಿಗೆ ಬಾಯಿಪಾಠ. ಎರಡನೆಯ ಮಹಡಿಯಲ್ಲಿ ಅದು ಹೇಗೆ ಕಟಕ್ ಅನ್ನುತ್ತದೆ, ನಾಲ್ಕನೆಯದರಲ್ಲಿ ಹೇಗೆ ಗುರ್ರ್ ಎಂದು ಎಳೆದು ಠಣ್ ಅನ್ನುತ್ತದೆ ಎಂದು ಬಾಯಲ್ಲೇ ಮಾಡಿ ತೋರಿಸಿದರು. ಆಕೆ ಕಿವಿಗೊಟ್ಟು ಕೇಳಿ, ಗುರ್ರ್ ಇಷ್ಟುದ್ದವೋ ಇನ್ನೂ ಉದ್ದವೋ ಎಂದು ತಾವೂ ಮಾಡಿ ತೋರಿಸಿದರು. ಇವರು ತಿದ್ದಿದರು. ನಡುನಡುವೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹೊರಗೆ ನಾವೆಲ್ಲ ಮೂರನೆಯ ಮಹಡಿಯ ಜಾಲರಿಗೆ ಕಿವಿ ಹಚ್ಚಿದ್ದೆವು. ಮೇಲಿನಿಂದ ಕಟಕ್, ಗುರ್ರ್, ಠಣ್ ಎಂಬ ಸಂಭಾಷಣೆ ಒಂದೇ ಸಮನೆ ಇಳಿದುಬರುತ್ತಿತ್ತು. ಆ ಭಾಷೆ ಇಷ್ಟು ಒರಟು ಎಂದು ಗೊತ್ತಿರಲಿಲ್ಲ ಎಂದರು ಸಾಹೇಬರು. ಭಾವನವರು, ಈಗ ವ್ಯಾಕರಣದ ಚರ್ಚೆ ನಡೆಯುತ್ತಿದೆ, ನಮ್ಮವರೇ ಗೆಲ್ಲುತ್ತಿದ್ದಾರೆ ಎಂದು ವಿವರಿಸಿದರು.

ಕೊನೆಗೆ ಎಲ್ಲರೂ ಸಾಹೇಬರ ಕೋಣೆಯಲ್ಲಿ ಸೇರಿದೆವು. ಇಂಜಿನಿಯರಮ್ಮ ಗಂಭೀರವಾಗಿ ಮೂರು ನಿಮಿಷ ಮಾತಾಡಿ ಮುಗಿಸಿದರು. ಸಾಹೇಬರು ಪೆನ್ನು ಹಿಡಿದು ಲಿಫ್ಟಪ್ಪನವರನ್ನು ನೋಡಿದರು. ಲಿಫ್ಟು ಉಳಿಯಿತೋ ಹೋಯಿತೋ?

ಅವರು ಏನು ಹೇಳಿದರೂ ನಾವು ನಂಬುತ್ತಿದ್ದೆವು. ಚೆನ್ನಾಗಿದೆಯಂತೆ, ಇಟ್ಟುಕೊಳ್ಳಬೇಕಂತೆ ಎಂದರೆ ಸ್ಟೂಲು ಉಳಿಯುತ್ತಿತ್ತು. ಲಿಫ್ಟಪ್ಪನವರು ತಮ್ಮ ಕೈ ನೋಡಿಕೊಂಡರು. ಇಂಜಿನಿಯರಮ್ಮನನ್ನು ನೋಡಿದರು.

"ಸಾರ್, ಅವರು ಹೇಳಿದ್ರಲ್ಲಿ ನಂಗೆ ಮೂರು ಪದ ಗೊತ್ತಾಯ್ತು. 'ಹಳೆಯದು', 'ಒಳ್ಳೆಯದು', 'ಅಲ್ಲ'. ಆ 'ಅಲ್ಲ' ಅನ್ನೋದು ಎರಡ್ರಲ್ಲಿ ಯಾವುದರ ಪಕ್ಕ ನಿಂತಿದೆ ಅಂತ ತಿಳೀಲಿಲ್ಲ. ತಿಳಿದ ಹಾಗೆ ಹೇಳಿದ್ರೆ ತಪ್ಪಾಗುತ್ತೆ."

ಶುರುಮಾಡಿದ್ದನ್ನು ಅವರು ಪೂರ್ತಿ ಮುಗಿಸಿಯೇಬಿಟ್ಟರು. ಫಲಕದಲ್ಲಿರುವುದು ಆರು ಜನ ಎಂದು, ತಮಗೆ ಅಣ್ಣನೇ ಇಲ್ಲವೆಂದು, ಔಷಧದ ಚೀಟಿ ಇನ್ನೂ ಜೇಬಿನಲ್ಲೇ ಇದೆಯೆಂದು. ಸಾಹೇಬರ ಮುಖ ಕೆಂಪಗಾಯಿತು. ಭಾವನವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಏನೂ ಅರ್ಥವಾಗದ ಇಂಜಿನಿಯರಮ್ಮ ಎಲ್ಲರಿಗಿಂತ ಮೊದಲು ಲಿಫ್ಟಪ್ಪನವರ ಕೈ ಕುಲುಕಿ ಹೊರಟರು.

ವರದಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಲಿಫ್ಟಪ್ಪನವರು ಯಾರ ಮುಖವನ್ನೂ ನೋಡದೆ ಜನರನ್ನು ಹತ್ತಿಸಿದರು, ಇಳಿಸಿದರು. ನಕಾಶೆ ಮೇಡಂ ಮಾತ್ರ ಗೋಡೆಯ ಚೀಟಿ ತೆಗೆಯಲಿಲ್ಲ. ಯಾರು ಬರೆದರೇನು, ಮಾತು ಚೆನ್ನಾಗಿದೆ ಎಂದರು. ಆಮೇಲೆ ಗಂಟಲು ಸರಿಹೋದ ದುಭಾಷಿ ಅನುವಾದಿಸಿದ ವರದಿ ಬಂತು. ಲಿಫ್ಟು ಹಳೆಯದು, ಆದರೆ ಒಳ್ಳೆಯದು, ಕೆಟ್ಟದ್ದಲ್ಲ, ಎರಡು ಗಾಲಿ ಬದಲಾಯಿಸಿದರೆ ಇನ್ನೂ ಹದಿನೈದು ವರ್ಷ ಓಡುತ್ತದೆ. ಅದನ್ನು ನಡೆಸುವವರು ದೋಷವನ್ನು ಒಂದು ಸದ್ದೂ ತಪ್ಪದಂತೆ ವಿವರಿಸಿದ್ದರಿಂದ ಬಿಚ್ಚಿ ನೋಡುವ ಅಗತ್ಯ ಬೀಳಲಿಲ್ಲ. ಸಾಹೇಬರು ಇದನ್ನು ಎರಡು ಸಲ ಓದಿ, ನಾನು ಆವತ್ತೇ ಹೇಳಿದ್ದೆ, ನಾಲ್ಕು ಪಾಠ ಸಾಕು ಅಂತ ಎಂದರು.

ಚಳಿಗಾಲದಲ್ಲಿ ಲಿಫ್ಟಪ್ಪನವರಿಗೆ ಒಂದು ಕಾರ್ಡು ಬಂತು. ನಮ್ಮ ಲಿಪಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೂತಿತ್ತು. 'ನಾನು ಚೆನ್ನಾಗಿದ್ದೀರಿ. ಇಲ್ಲಿ ಚಳಿ ಬಂದರು. ಲಿಫ್ಟು ಹೇಗಿದ್ದಾಳೆ?' ಲಿಫ್ಟಪ್ಪನವರು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಚಳಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ಅವರು ಕಂಡಿರಲಿಲ್ಲ.

ಆ ಭಾನುವಾರ ಗಂಡ ಹೆಂಡತಿ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಉತ್ತರ ಬರೆಯಲು ಕೂತರು. ಹೊರಗೆ ಬಿಸಿಲು ಬೆಳ್ಳಗೆ ಮಲಗಿತ್ತು. ಆವತ್ತು ನೀವು ಬಂದಿರಿ, ಲಿಫ್ಟು ನಿಂತಿತು, ನಾವಿಬ್ಬರೂ ನಕ್ಕೆವು, ಅದು ನೆನಪಿದೆ ಅಂತ ಬರೆಯಿರಿ ಎಂದು ಹೆಂಡತಿ ಹೇಳಿಕೊಟ್ಟರು. ಲಿಫ್ಟಪ್ಪನವರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು.

"ಆಗಿಹೋದದ್ದು ಹೇಳೋದು ಐದನೇ ಪಾಠದಲ್ಲಿದೆ ಕಣೇ. ನಾನಿನ್ನೂ ಅಲ್ಲಿಗೆ ಹೋಗಿಲ್ಲ."

"ಮತ್ತೆ ಎಷ್ಟು ಬರುತ್ತೋ ಅಷ್ಟರಲ್ಲೇ ಬರೀರಿ."

ಅವರು ಒಂದು ಗಂಟೆ ತೆಗೆದುಕೊಂಡು ಮೂರು ಸಾಲು ಬರೆದರು. ಏನು ಬರೆದಿರಿ ಎಂದು ಹೆಂಡತಿ ಕೇಳಿದಾಗ, ಒಂದೊಂದೇ ಪದದ ಮೇಲೆ ಬೆರಳಿಟ್ಟು ನಮ್ಮ ಮಾತಿನಲ್ಲಿ ಓದಿ ಹೇಳಿದರು. ನೀವು ಬರುತ್ತೀರಿ. ಲಿಫ್ಟು ನಿಲ್ಲುತ್ತದೆ. ನಾವಿಬ್ಬರೂ ನಗುತ್ತೇವೆ.

ಹೆಂಡತಿ ಆ ಸಾಲುಗಳ ಮೇಲೆ ತಾವೂ ಒಮ್ಮೆ ಬೆರಳಾಡಿಸಿದರು.

"ಐದನೇ ಪಾಠಕ್ಕೆ ಆತುರ ಮಾಡ್ಬೇಡಿ," ಎಂದರು.